ಮಾತ್ರೆ ಬರೆಯದ ಡಾಕ್ಟ್ರು

ಪಿಎಸ್‌ಐ ಪರೀಕ್ಷೆಗೆ ಓದಲೆಂದು ಊರಿನಿಂದ ಬಂದು ವಿಜಯನಗರದ ಪಿ.ಜಿ. ಸೇರಿ ವರ್ಷವಾಗಿತ್ತು. ಹಗಲೆಲ್ಲ ಹಂಪಿನಗರದ ಗ್ರಂಥಾಲಯ, ರಾತ್ರಿ ಎರಡರವರೆಗೆ ಮೊಬೈಲ್‌ನಲ್ಲಿ ಕ್ಲಾಸು. ಹೊಟ್ಟೆಗೆ ಚಿತ್ರಾನ್ನ, ಗೋಬಿ, ದಿನಕ್ಕೆ ಆರು ಟೀ.

ತಲೆನೋವೆಂದು ಪಕ್ಕದ ರಸ್ತೆಯ ಕ್ಲಿನಿಕ್‌ಗೆ ಹೋದೆ. ವಯಸ್ಸಾದ ಡಾಕ್ಟ್ರು ಬಿಪಿ ನೋಡಿದರು: 142/92. ‘ಮನೇಲಿ ಯಾರಿಗಾದ್ರೂ ಬಿಪಿ ಇದೆಯೇನಪ್ಪಾ?’ ಎಂದರು. ಅಪ್ಪನಿಗೆ 48ಕ್ಕೇ ಪಾರ್ಶ್ವವಾಯು ಆಗಿದ್ದನ್ನು ಹೇಳಿದೆ. ಅವರಿಗೆ ಬಿಪಿ ಇದ್ದದ್ದು ನಮಗೆ ಗೊತ್ತಾಗಿದ್ದೇ ಆಸ್ಪತ್ರೆ ಸೇರಿದ ಮೇಲೆ.

‘ಒಂದೇ ಸಲ ನೋಡಿ ಮಾತ್ರೆ ಬರೆಯಲ್ಲ. ವಾರಕ್ಕೊಮ್ಮೆ ಬಂದು ತೋರಿಸು. ಉಪ್ಪು ಕಡಿಮೆ ಮಾಡು, ದಿನಾ ಅರ್ಧ ಗಂಟೆ ನಡಿ, ಹನ್ನೊಂದಕ್ಕೆ ಮಲಗು’ ಎಂದರು. ಎರಡು ತಿಂಗಳಿಗೆ 128/82ಕ್ಕೆ ಇಳಿಯಿತು.

ಅಧಿಕ ರಕ್ತದೊತ್ತಡಕ್ಕೆ ಬಹುಪಾಲು ಲಕ್ಷಣಗಳೇ ಇರುವುದಿಲ್ಲ. ಅಳೆದರಷ್ಟೇ ತಿಳಿಯುತ್ತದೆ. ಮನೆಯವರ ಆರೋಗ್ಯವನ್ನೂ ವಿಚಾರಿಸುವ ಒಬ್ಬ ಕಾಯಂ ಡಾಕ್ಟ್ರು ನಮಗೆ ಬೇಕಾಗುವುದು ಅದಕ್ಕೇ. ಫೀಸಿಗೆ ಹಣವಿಲ್ಲವೇ? ವಾರ್ಡಿನ ‘ನಮ್ಮ ಕ್ಲಿನಿಕ್’ನಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ತಮ್ಮನನ್ನೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಬಿಪಿ ನೋಡಿಸಿದೆ.