ಹೊಸ ಗಣಕದಲ್ಲಿ ಹಳೆಯ ವಿಳಾಸ

ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಗ್ರಾಮಗಳಲ್ಲಿ ಹೊಲಗಳನ್ನು ಸರ್ವೆ ನಂಬರಿನಿಂದ ಗುರುತಿಸುತ್ತಾರೆ. 40ನೆಯ ನಂಬರಿನ ಹೊಲ ಹಲವು ಗ್ರಾಮಗಳಲ್ಲಿರಬಹುದು. ಆದುದರಿಂದ ಗ್ರಾಮವನ್ನೂ ನಂಬರನ್ನೂ ಕೂಡಿಸಿ ಹೇಳಿದಾಗಲೇ ಗುರುತು ಪೂರ್ಣವಾಗುತ್ತದೆ. 2010ರ ದಶಕದಲ್ಲಿ ಕಿತ್ತೂರು ಬೈಲಹೊಂಗಲದಿಂದ ಬೇರ್ಪಟ್ಟು ಹೊಸ ತಾಲ್ಲೂಕಾಯಿತು. ತಾಲ್ಲೂಕು ಬದಲಾದ ಮಾತ್ರಕ್ಕೆ ಗ್ರಾಮದೊಳಗಿನ ನಂಬರು ಬದಲಾಗಬೇಕಾಗಿಲ್ಲ.

ಗಣಕಯಂತ್ರದ ಸ್ಮೃತಿಯೂ ಸಂಖ್ಯೆಗಳಿಂದ ಗುರುತಿಸಲಾದ ಮನೆಗಳ ಒಂದು ದೀರ್ಘ ಸಾಲು. ಆ ಸಂಖ್ಯೆಯೇ ಮನೆಯ ವಿಳಾಸ. ಗಣಕಕ್ಕೆ ಅಪ್ಪಣೆ ಕೊಡುವ ಕ್ರಮವಿಧಿಯು ವಿಳಾಸವನ್ನು ಹಿಡಿದೇ ಮಾಹಿತಿಯನ್ನು ಹುಡುಕುತ್ತದೆ.

1964ರಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ ‘ಸಿಸ್ಟಂ 360’ ಗಣಕಗಳಲ್ಲಿ ವಿಳಾಸಕ್ಕೆ 24 ಬಿಟ್‌ಗಳು, ಎಂದರೆ ಸೊನ್ನೆ ಅಥವಾ ಒಂದು ಆಗಬಲ್ಲ 24 ಅಂಕೆಗಳು ಇದ್ದವು. ಇವುಗಳಿಂದ 1,67,77,216 ಮನೆಗಳನ್ನು ಮಾತ್ರ ಗುರುತಿಸಬಹುದಾಗಿತ್ತು. ವಿಳಾಸವನ್ನು ಬರೆದಿಡುವ ಸ್ಥಳದಲ್ಲಾದರೋ 32 ಬಿಟ್‌ಗಳಿದ್ದವು. ಮಿಕ್ಕ 8ನ್ನು ಯಂತ್ರವು ವಿಳಾಸವೆಂದು ಗಣಿಸುತ್ತಿರಲಿಲ್ಲ. ಸ್ಮೃತಿಯು ಬಹು ದುಬಾರಿಯಾಗಿದ್ದ ಆ ಕಾಲದಲ್ಲಿ ಕ್ರಮವಿಧಿಕಾರರು ಅಲ್ಲಿ ತಮ್ಮ ಸಣ್ಣಪುಟ್ಟ ಗುರುತುಗಳನ್ನು ಇಟ್ಟುಕೊಂಡರು.

1983ರಲ್ಲಿ ಅದೇ ಸಂಸ್ಥೆಯ ಹೊಸ ವಿನ್ಯಾಸವು 31 ಬಿಟ್‌ಗಳ ವಿಳಾಸವನ್ನು ಬಳಕೆಗೆ ತಂದಿತು. ಮನೆಗಳ ಮಿತಿ 214 ಕೋಟಿಯನ್ನು ದಾಟಿತು. ಆದರೆ ಹಳೆಯ ಗುರುತುಗಳು ಈಗ ವಿಳಾಸದ ಅಂಕೆಗಳಾಗಿ ಕಾಣತೊಡಗಿದವು. ಒಂದು ಉದಾಹರಣೆಯನ್ನು ನೋಡೋಣ. ನಾಲ್ಕು ಅಂಕಣಗಳ ಪುಸ್ತಕದಲ್ಲಿ ಸರ್ವೆ ನಂಬರಿಗೆ ಮೂರೇ ಅಂಕಣ ಸಾಕೆಂದು, ಮೊದಲನೆಯದರಲ್ಲಿ ನೀರಾವರಿಯ ಗುರುತಾಗಿ 1 ಎಂದು ಬರೆದರೆನ್ನಿ. ಇದನ್ನರಿಯದೆ ನಾಲ್ಕನ್ನೂ ಓದುವವನಿಗೆ 40ನೆಯ ಹೊಲ 1040ನೆಯದಾಗುತ್ತದೆ.

ಈ ತೊಡಕಿಗೆ ಎರಡು ಪರಿಹಾರಗಳು ದೊರೆತವು. ಹಳೆಯ ಕ್ರಮವಿಧಿಗಳು 24 ಬಿಟ್‌ಗಳ ಪದ್ಧತಿಯಲ್ಲಿಯೇ ನಡೆಯಲು ಹೊಸ ಯಂತ್ರವು ಅವಕಾಶವಿತ್ತಿತು. ಅವು ಸ್ಮೃತಿಯ ಕೆಳಭಾಗದಲ್ಲಿ ಎಂದಿನಂತೆ ದುಡಿದವು. ಹೊಸ ವಿಸ್ತಾರವನ್ನು ಬಳಸಬೇಕಾದ ಕ್ರಮವಿಧಿಗಳಲ್ಲಿ ಮಾತ್ರ ಗುರುತುಗಳನ್ನು ಹುಡುಕಿ ತೆಗೆದು ಬೇರೆಡೆ ಇರಿಸಬೇಕಾಯಿತು.

ವಿಳಾಸ ತಪ್ಪಿದ ಗಣಕವು ನಿಂತುಹೋದರೆ ತಪ್ಪು ಕೂಡಲೆ ತಿಳಿಯುತ್ತದೆ. ನಿಲ್ಲದೆ ಬೇರೊಂದು ಮನೆಯಲ್ಲಿದ್ದುದನ್ನು ಓದಿ ಉತ್ತರ ಕೊಟ್ಟರೆ ಅಪಾಯ ಹೆಚ್ಚು. ‘ಭೂಮಿ’ ಯೋಜನೆಯಿಂದಾಗಿ ಇಂದು ನಮ್ಮ ರಾಜ್ಯದ ರೈತರ ಪಹಣಿಗಳು ಗಣಕದಲ್ಲಿವೆ. ಯಂತ್ರಗಳು ಹಳತಾಗುತ್ತವೆ, ದಾಖಲೆಗಳು ಹೊಸ ಯಂತ್ರಗಳಿಗೆ ಸಾಗುತ್ತವೆ. ಆಗ ಒಬ್ಬನ ಹೊಲ ಮತ್ತೊಬ್ಬನ ಹೆಸರಿನಲ್ಲಿ ಕಾಣದಂತೆ ನೋಡಿಕೊಳ್ಳಬೇಕಾದರೆ ಒಂದು ನಿಯಮ ಸಾಕು: ವಿಳಾಸದ ಸ್ಥಳದಲ್ಲಿ ವಿಳಾಸವಲ್ಲದೆ ಬೇರೇನನ್ನೂ ಬರೆಯಬಾರದು. ಇಂದು ಬರಿದಾಗಿರುವ ಸ್ಥಳ ನಾಳೆಯವರಿಗೆ ಬೇಕಾಗುವುದು.