ಹುಲ್ಲುಹಾಸಿನ ಕೆಳಗಿನ ವಿಷ

ಕಳೆದ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ನಮ್ಮ ತಂದೆಯವರನ್ನು ಕರೆದುಕೊಂಡು ಮೌಂಟನ್ ವ್ಯೂನ ಮಿಡಲ್‌ಫೀಲ್ಡ್ ರಸ್ತೆಯ ಕಡೆ ಸಂಜೆ ತಿರುಗಾಡಲು ಹೋಗಿದ್ದೆವು. ಫುಟ್‌ಪಾತಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ಮುಚ್ಚಳವೊಂದು ಅವರ ಕಣ್ಣಿಗೆ ಬಿತ್ತು. "ಇದೇನಪ್ಪಾ, ಬೋರ್‌ವೆಲ್ಲಾ?" ಎಂದರು. ಹೌದು, ಬೋರ್‌ವೆಲ್ಲೇ. ಆದರೆ ಕುಡಿಯುವ ನೀರಿಗಲ್ಲ, ನೆಲದಡಿಯ ನೀರಿನಲ್ಲಿ ವಿಷ ಎಷ್ಟಿದೆಯೆಂದು ಅಳೆಯುವುದಕ್ಕೆ ಎಂದಾಗ ಅವರು ನಂಬಲಿಲ್ಲ. ಸುತ್ತಲೂ ಗಾಜಿನ ಕಟ್ಟಡಗಳು, ಒಪ್ಪವಾಗಿ ಕತ್ತರಿಸಿದ ಹುಲ್ಲು. ಹೊಗೆ ಕೊಳವೆ ಒಂದೂ ಇಲ್ಲ.

ಅವರನ್ನೇನು ಹೇಳುವುದು, ಎಂಟು ವರ್ಷ ಇದೇ ಕಣಿವೆಯಲ್ಲಿ ಕೋಡ್ ಬರೆದುಕೊಂಡಿದ್ದ ನಮಗೇ ತಿಳಿದಿರಲಿಲ್ಲ. 2014ರಲ್ಲಿ ಮನೆ ಕೊಳ್ಳಲು ಹೊರಟಾಗ, ಸಹಿಗೆ ಬಂದ ಕಾಗದದ ಕಟ್ಟಿನಲ್ಲಿ "ಸೂಪರ್‌ಫಂಡ್" ಎಂಬ ಪದ ಕಂಡಿತು. ಏಜೆಂಟರು "ಅದೆಲ್ಲ ಬರೀ ಫಾರ್ಮಾಲಿಟಿ" ಎಂದರು. ಮನೆಯಲ್ಲಿ ಅಂಬೆಗಾಲಿಡುವ ಎಂಟು ತಿಂಗಳ ಮಗುವಿತ್ತು. ಸಹಿ ಹಾಕುವುದನ್ನು ಮುಂದೂಡಿ ಓದಲು ಕುಳಿತೆವು.

ಓದಿದಾಗ ಗೊತ್ತಾದದ್ದು ಇದು. ನಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸರ್ಕಾರ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದ ಕಲುಷಿತ ಸ್ಥಳಗಳು 23. ಅಮೆರಿಕದ ಬೇರಾವ ಕೌಂಟಿಯಲ್ಲೂ ಇಷ್ಟಿಲ್ಲ. ಕಾರಣ ಸಾಫ್ಟ್‌ವೇರ್ ಅಲ್ಲ, ಅದಕ್ಕೂ ಹಿಂದಿನ ಚಿಪ್ ಕಾರ್ಖಾನೆಗಳು. ಸಿಲಿಕಾನ್ ಬಿಲ್ಲೆಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ಮತ್ತು ಅಂಥ ಇತರ ದ್ರಾವಕಗಳನ್ನು ನೆಲದಡಿಯ ಟ್ಯಾಂಕುಗಳಲ್ಲಿ ತುಂಬಿಡುತ್ತಿದ್ದರು. ಟ್ಯಾಂಕು ಸೋರಿದರೆ ಮೇಲಿದ್ದವರಿಗೆ ತಿಳಿಯುವುದು ಹೇಗೆ? 1981ರ ಕೊನೆಯಲ್ಲಿ ದಕ್ಷಿಣ ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಕಾರ್ಖಾನೆಯ ಟ್ಯಾಂಕು ಸೋರಿ, ಪಕ್ಕದ ಕುಡಿಯುವ ನೀರಿನ ಬಾವಿಗೆ ದ್ರಾವಕ ಸೇರಿದ್ದು ಬಯಲಾಯಿತು. ಆ ಬಡಾವಣೆಯಲ್ಲಿ ಗರ್ಭಪಾತ ಮತ್ತು ಹುಟ್ಟಿನ ದೋಷಗಳು ಹೆಚ್ಚಿದ್ದವೆಂದು ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನ ಕಂಡುಕೊಂಡಿತು. ಆದರೆ ಸೋರಿಕೆಯೇ ಕಾರಣವೆಂದು ಸಾಬೀತುಮಾಡಲು ಆಗಲಿಲ್ಲ. ಇಂಥ ಪ್ರಕರಣಗಳಲ್ಲಿ ತಾಯಂದಿರಿಗೆ ಸಿಗುವ ಉತ್ತರ ಬಹುಮಟ್ಟಿಗೆ ಇಷ್ಟೇ.

ಟಿಸಿಇ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಎಣ್ಣೆಯಂತೆ ತೇಲುವುದಿಲ್ಲ, ಮುಳುಗುತ್ತದೆ. ಮರಳು ಪದರಗಳನ್ನು ದಾಟಿ ಜೇಡಿಮಣ್ಣಿನ ಮೇಲೆ ನಿಂತು ಅದರೊಳಕ್ಕೂ ಇಂಗುತ್ತದೆ. ಆಮೇಲೆ ಹರಿಯುವ ಅಂತರ್ಜಲಕ್ಕೆ ದಶಕಗಳ ಕಾಲ ಚೂರು ಚೂರೇ ಕರಗುತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ನೂರು ಕೋಟಿಗೆ ಐದು ಭಾಗ. ನಾವೇ ಲೆಕ್ಕ ಹಾಕಿ ನೋಡಿದೆವು: ಒಂದೇ ಒಂದು ಲೀಟರ್ ಟಿಸಿಇ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು.

ಹಾಗಾದರೆ ತೆಗೆಯುವುದು ಹೇಗೆ? ಮೊದಲಿನ ದಾರಿ, ನೀರನ್ನು ಮೇಲಕ್ಕೆ ಪಂಪ್ ಮಾಡಿ, ಗಾಳಿ ಊದಿ ಅಥವಾ ಇದ್ದಿಲಿನಂಥ ಸಕ್ರಿಯ ಇಂಗಾಲದ ಮೂಲಕ ಹಾಯಿಸಿ ಸೋಸುವುದು. ಸೀರೆಗೆ ಹತ್ತಿದ ಅರಿಶಿನದ ಕಲೆ ತೊಳೆದಂತೆ: ಮೊದಲ ನೀರಿಗೆ ಬಣ್ಣ ಬೇಕಾದಷ್ಟು ಬಿಡುತ್ತದೆ, ಕೊನೆಯದು ಹೋಗುವುದೇ ಇಲ್ಲ. ವಿಷ ಹೀರಿದ ಇಂಗಾಲವನ್ನು ಮತ್ತೆ ಲಾರಿಯಲ್ಲಿ ಬೇರೆ ಊರಿಗೆ ಸಾಗಿಸಿ ಕುಲುಮೆಯಲ್ಲಿ ಕಾಯಿಸಬೇಕು. ಆ ಊರಿನವರ ಅಭಿಪ್ರಾಯ ನಮ್ಮ ಕಿವಿಗೆ ಬೀಳುವುದಿಲ್ಲ. ಇದಕ್ಕಿಂತ ಜಾಣತನದ ಉಪಾಯಗಳೂ ಬಂದಿವೆ. 1990ರ ದಶಕದ ಮಧ್ಯದಲ್ಲಿ ಸನಿವೇಲ್‌ನಲ್ಲಿ ನೆಲದೊಳಗೆ ಕಬ್ಬಿಣದ ಹರಳುಗಳ ಗೋಡೆ ಹೂಳಿದರು. ನೀರು ಅದರ ಮೂಲಕ ಹಾಯುವಾಗ ಕಬ್ಬಿಣ ತುಕ್ಕು ಹಿಡಿಯುತ್ತಾ ಟಿಸಿಇಯನ್ನು ಒಡೆಯುತ್ತದೆ. ಇನ್ನು ಕೆಲವೆಡೆ ಮಣ್ಣಿಗೆ ಅಡುಗೆ ಎಣ್ಣೆ, ಕಾಕಂಬಿ ಇಳಿಸಿ ಬ್ಯಾಕ್ಟೀರಿಯಾಗಳನ್ನು ಸಾಕುತ್ತಾರೆ. ಅವು ಟಿಸಿಇಯ ಕ್ಲೋರಿನ್ನನ್ನು ಒಂದೊಂದಾಗಿ ಕಿತ್ತುಹಾಕುತ್ತವೆ. ಕೆಲಸ ಅರ್ಧಕ್ಕೆ ನಿಂತರೆ ಮಾತ್ರ ವಿನೈಲ್ ಕ್ಲೋರೈಡ್ ಎಂಬ ಇನ್ನೂ ಕೆಟ್ಟ ವಿಷ ಉಳಿಯುತ್ತದೆ. ಆದ್ದರಿಂದಲೇ ಅಷ್ಟೊಂದು ಅಳತೆಯ ಬೋರ್‌ವೆಲ್ಲುಗಳು.

ಮೌಂಟನ್ ವ್ಯೂನ ನಲ್ಲಿ ನೀರು ಬಹುಪಾಲು ದೂರದ ಹೆಚ್ ಹೆಚಿ ಜಲಾಶಯದ್ದು, ಅದಕ್ಕೆ ಭಯವಿಲ್ಲ. ಭಯ ಆವಿಯದು. ಟಿಸಿಇ ಆವಿಯಾಗಿ, ಕಾಂಕ್ರೀಟಿನ ಬಿರುಕುಗಳಿಂದ ಮನೆಯೊಳಗೆ ಏರುತ್ತದೆ. 2011ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಘೋಷಿಸಿತು. ಪರಿಹಾರ ಕೇಳಿದರೆ ನಗು ಬರಬಹುದು: ನೆಲಹಾಸಿನ ಕೆಳಗೆ ಪೈಪು, ಅದಕ್ಕೊಂದು ಫ್ಯಾನು, ಆವಿ ಮಾಳಿಗೆಯ ಮೇಲಕ್ಕೆ. ನಾವು ನೋಡಿದ್ದ ಮನೆಯಲ್ಲಿ ಗಾಳಿಯ ಪರೀಕ್ಷೆಯ ವರದಿ ಕೇಳಿ ಪಡೆದು, ಅದು ಸರಿಯಿದೆಯೆಂದು ಕಂಡ ಮೇಲೆಯೇ ಸಹಿ ಹಾಕಿದ್ದು.

ಖರ್ಚು ಯಾರದು? 1978ರಲ್ಲಿ ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ, ಹೂತಿಟ್ಟ ರಾಸಾಯನಿಕಗಳ ಮೇಲೆ ಶಾಲೆ, ಮನೆಗಳು ಎದ್ದಿದ್ದ ಕಥೆ ದೇಶವನ್ನೇ ಬೆಚ್ಚಿಬೀಳಿಸಿತು. 1980ರಲ್ಲಿ ಸೂಪರ್‌ಫಂಡ್ ಕಾನೂನು ಬಂತು. ಹೊಲಸು ಮಾಡಿದವನೇ ತೊಳೆಯಬೇಕು. ಮಿಡಲ್‌ಫೀಲ್ಡ್ ರಸ್ತೆಯಲ್ಲಿ ಫೇರ್‌ಚೈಲ್ಡ್, ಇಂಟೆಲ್, ರೇಥಿಯಾನ್ ಕಂಪನಿಗಳ ಪಾಲಿಗೆ ಈ ಹೊಣೆ ಬಂತು. ಶುದ್ಧೀಕರಣದ ಯೋಜನೆ ಅಂತಿಮವಾದದ್ದು 1989ರಲ್ಲಿ, ಇನ್ನೂ ಮುಗಿದಿಲ್ಲ.

ಇದನ್ನೆಲ್ಲ ಕೇಳಿ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಬೆಳೆದದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಅಲ್ಲಿ ಬಂಗಾರ ತೆಗೆದು ಉಳಿದ ಸೈನೈಡ್ ಮಣ್ಣಿನ ಗುಡ್ಡಗಳು 13, ತೂಕ ಮೂರು ಕೋಟಿ ಟನ್ನಿಗೂ ಮೇಲೆ. 2001ರಲ್ಲಿ ಗಣಿ ಮುಚ್ಚಿತು, ಗುಡ್ಡಗಳು ಅಲ್ಲೇ ಉಳಿದವು. 2024ರಲ್ಲಿ ಅವುಗಳಲ್ಲಿ ಉಳಿದ ಬಂಗಾರ ತೆಗೆಯುವ ಪ್ರಸ್ತಾಪಕ್ಕೆ ರಾಜ್ಯ ಸಂಪುಟ ಒಪ್ಪಿತು. "ಗಾಳಿಗಾಲ ಬಂದ್ರೆ ಅನ್ನದ ತಪ್ಪಲೆ ಮೇಲೂ ಧೂಳು. ನಿಮ್ಮಜ್ಜಿ ಒದ್ದೆ ಬಟ್ಟೆ ಮುಚ್ಚಿಡ್ತಿದ್ರು. ನಮ್ದು ಕಣ್ಣಿಗೆ ಕಾಣ್ತಿತ್ತು, ಆದ್ರೂ ಯಾರೂ ಒಂದು ಮುಚ್ಚಳ ಹಾಕಿ ಅಳೀಲಿಲ್ಲ" ಎಂದರು.

ಮರುದಿನ ಬೆಳಿಗ್ಗೆ ನಮ್ಮ ಗ್ಯಾರೇಜಿನಿಂದ ಅವರು ಒಂದೊಂದಾಗಿ ಹೊರಗಿಟ್ಟದ್ದು: ಅರ್ಧ ಡಬ್ಬಿ ಪೇಂಟು, ಥಿನ್ನರ್, ಇರುವೆ ಔಷಧಿ, ಒಂದು ಸತ್ತ ಲ್ಯಾಪ್‌ಟಾಪ್ ಬ್ಯಾಟರಿ. "ಇವನ್ನೆಲ್ಲಿಗೆ ಎಸೀತೀರಿ?" ಕಸದ ಬುಟ್ಟಿಗೆ ಎನ್ನಲು ಬಾಯಿ ಬರಲಿಲ್ಲ. ಮನೆಗಳ ಇಂಥ ತ್ಯಾಜ್ಯವನ್ನು ಕೌಂಟಿಯವರು ಪುಕ್ಕಟೆಯಾಗಿ ತೆಗೆದುಕೊಳ್ಳುತ್ತಾರೆ, ಮುಂಚೆ ಅಪಾಯಿಂಟ್‌ಮೆಂಟ್ ಮಾಡಿಕೊಳ್ಳಬೇಕು ಅಷ್ಟೇ. ಆ ಶನಿವಾರ ಡಬ್ಬಿಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋದೆವು. ತಂದೆಯವರೂ ಬಂದರು. ಡಬ್ಬಿಗಳನ್ನು ಇಳಿಸಿಕೊಂಡ ಹುಡುಗನನ್ನು ಅವರು ಬಿಡಲಿಲ್ಲ: "ಇಲ್ಲಿಂದ ಇದೆಲ್ಲಾ ಎಲ್ಲಿಗೆ ಹೋಗುತ್ತೆ, ಕೇಳಪ್ಪ."