ಸನ್ನದಿದೆ, ಕೊಠಡಿಯಿಲ್ಲ

ಕರಿಯ ಕೋಟು ಹೊಲಿಸುವುದು ಸುಲಭ. ಅದನ್ನು ತೂಗುಹಾಕಲು ಸ್ವಂತದ್ದೊಂದು ಗೂಟ ದೊರಕಿಸುವುದು ಕಷ್ಟ. ಬೆಂಗಳೂರಿನಲ್ಲಿ ಹಿರಿಯರ ಆಶ್ರಯ ಬಿಟ್ಟು ಒಂಟಿಯಾಗಿ ವೃತ್ತಿಗಿಳಿಯುವ ವಕೀಲರಿಗೆ ಬಾಡಿಗೆಯೇ ಮೊದಲ ಪ್ರತಿವಾದಿ. ಮೈಸೂರು ಬ್ಯಾಂಕ್ ವೃತ್ತದ ಬಳಿಯ ಸಿವಿಲ್ ನ್ಯಾಯಾಲಯಕ್ಕೂ ಕಬ್ಬನ್ ಉದ್ಯಾನದ ಅಂಚಿನ ಉಚ್ಚ ನ್ಯಾಯಾಲಯಕ್ಕೂ ನಡೆದೇ ಹೋಗುವಂತಿರಬೇಕೆಂಬ ಆಸೆ ಎಲ್ಲರದೂ. ಅದರಿಂದಲೇ ಗಾಂಧಿನಗರ, ಅವೆನ್ಯೂ ರಸ್ತೆಗಳ ಹಳೆಯ ಮಹಡಿಗಳಲ್ಲಿ ನಾಮಫಲಕಗಳು ಒಂದರ ಮೇಲೊಂದು ತೂಗುತ್ತವೆ.

ಅಗ್ಗದ ದಾರಿಯೆಂದರೆ ಮನೆಯ ಮುಂಗೋಣೆ. ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಮಟ್ಟಿಗೆ ವಕೀಲರ ಕಚೇರಿ ವಾಣಿಜ್ಯ ಸಂಸ್ಥೆಯಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ತೀರ್ಮಾನಿಸಿದ್ದುಂಟು. ಆದರೂ ಬಾಡಿಗೆಯ ಮನೆಯಾದರೆ ಕರಾರುಪತ್ರವನ್ನು ನೋಡಿಕೊಳ್ಳಬೇಕು. ವಕೀಲರೂ ಓದದೆ ಸಹಿ ಹಾಕುವ ಕಾಗದ ಬಹುಶಃ ಅದೊಂದೇ! ಇನ್ನು, ವಿಚ್ಛೇದನದ ಮಾತೆತ್ತಲು ಬಂದ ಹೆಣ್ಣುಮಗಳ ಮುಂದೆ ಮನೆಯ ಹಿರಿಯರು ಕಾಫಿ ತಂದಿಟ್ಟು ಅಲ್ಲಿಯೇ ನಿಂತರೆ, ಆಕೆ ಹವಾಮಾನದ ವಿಷಯ ಮಾತನಾಡಿ ಎದ್ದುಹೋದಾಳು.

ನಾಲ್ವರು ಸೇರಿ ಹಿಡಿಯುವ ಕೊಠಡಿಯಲ್ಲಿಯೂ, ಗಂಟೆಯ ಲೆಕ್ಕದಲ್ಲಿ ಮೇಜು ಕೊಡುವ ಹಂಚಿಕೆಯ ಕಚೇರಿಗಳಲ್ಲಿಯೂ ತೊಡಕು ಇದೇ. ಕಕ್ಷಿಗಾರನ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹಬಾರದೆಂಬ 1872ರ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿ ಮುಂದುವರಿದಿದೆ. ಅದು ಗುಮಾಸ್ತನನ್ನೂ ದುಭಾಷಿಯನ್ನೂ ಕಟ್ಟಿಹಾಕುತ್ತದೆ. ಹಲಗೆಯ ಗೋಡೆಯಾಚೆ ಕಾದು ಕುಳಿತ ಬೇರೊಬ್ಬ ವಕೀಲರ ಕಕ್ಷಿಗಾರನನ್ನಲ್ಲ. ಅವನು ಎದುರು ಪಕ್ಷದ ಸೋದರಮಾವನೇ ಆಗಿರಬಹುದು. ಆದುದರಿಂದ ಮೇಜು ಹಂಚಿಕೊಂಡರೂ ಬೀರು ಹಂಚಿಕೊಳ್ಳದಿರುವುದು ಲೇಸು. ವಾರಕ್ಕೆರಡು ಸಂಜೆ ಮುಚ್ಚುವ ಬಾಗಿಲುಳ್ಳ ಕೋಣೆಯೊಂದನ್ನು ಗೊತ್ತುಮಾಡಿಕೊಂಡು, ಗುಟ್ಟಿನ ಮಾತುಗಳನ್ನು ಅಲ್ಲಿಗೇ ಮೀಸಲಿಡಬಹುದು.

ಬಾಡಿಗೆಗೆ ಬದಲು ಫೀಸಿನಲ್ಲಿ ಪಾಲು ಕೇಳುವ ಕಟ್ಟಡದ ಒಡೆಯರಿದ್ದರೆ ಕೈಮುಗಿದು ಹೊರಡುವುದೇ ಸರಿ. ವಕೀಲರಲ್ಲದವರೊಡನೆ ಸಂಭಾವನೆ ಹಂಚಿಕೊಳ್ಳುವ ಯಾವ ಏರ್ಪಾಡನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಒಪ್ಪುವುದಿಲ್ಲ.

ಸಮೀಪದ ವಿಳಾಸಕ್ಕೆ ಮೊದಲಿದ್ದ ಬೆಲೆ ಈಗ ಅಷ್ಟಿಲ್ಲ. 2020ರ ಸಾಂಕ್ರಾಮಿಕದ ದಿನಗಳಲ್ಲಿ ವಿಡಿಯೋ ಮೂಲಕ ವಿಚಾರಣೆ ರೂಢಿಗೆ ಬಂತು. ಮೊಕದ್ದಮೆಯ ಕಾಗದಗಳನ್ನು ಗಣಕಯಂತ್ರದಿಂದಲೇ ಸಲ್ಲಿಸುವ ಸೌಕರ್ಯವೂ ಇದೆ. ಸಾಕ್ಷಿಯ ಪಾಟೀಸವಾಲಿಗೆ ಕೋರ್ಟಿಗೆ ಹೋಗಬೇಕಾದ ದಿನ ಬಸ್ಸು ಹಿಡಿದರಾಯಿತು. ಗಾಂಧಿನಗರದ ಅರ್ಧ ಕೊಠಡಿಗೆ ಸುರಿಯುವ ಹಣದಲ್ಲಿ ಕೆಂಗೇರಿಯಲ್ಲಿಯೋ ಯಲಹಂಕದಲ್ಲಿಯೋ ಇಡೀ ಕೋಣೆ, ಗಟ್ಟಿ ಗೋಡೆ, ಕೀಲಿಯುಳ್ಳ ಬಾಗಿಲು ಸಿಗುವ ಸಂಭವ ಹೆಚ್ಚು. ಬಾಗಿಲು ಚಿಕ್ಕದೆಂಬ ಚಿಂತೆಯೂ ಬೇಡ. ನಾಮಫಲಕ ಮಿತವಾದ ಅಳತೆಯದಾಗಿರಬೇಕೆಂದು ಪರಿಷತ್ತೇ ವಿಧಿಸಿದೆ.